ಉಪ್ಪುನೀರಿನಲ್ಲಿ ಎಚ್ಚರಗೊಳ್ಳುವ ವೀರ್ಯಾಣು

ವಾಸ್ಕೊ, ಗೋವಾ
ಜುಲೈ 16, 2024, ಮಂಗಳವಾರ

ನಮ್ಮ ಕನ್ನಡ ಬಳಗದಲ್ಲಿ ವಿಜ್ಞಾನ ಓದುವ ಮಕ್ಕಳಿಗೆ ಮುಂದಿನ ವಾರ ಮೀನುಗಳ ಸಂತಾನೋತ್ಪತ್ತಿಯ ಕುರಿತು ಮಾತನಾಡಬೇಕಾಗಿದೆ. ಜುಲೈ 31ರವರೆಗೆ ಟ್ರಾಲರುಗಳಿಗೆ ನಿಷೇಧವಿರುವುದರಿಂದ ಮೀನು ಮರಿ ಮಾಡುವ ಕಾಲವಿದು ಎಂಬುದು ಅವರಿಗೆ ಗೊತ್ತಿದ್ದೇ ಇದೆ. ಆದರೆ ನನಗೆ ಹೇಳಬೇಕೆನಿಸುವುದು ಬಲೆಯ ಮಾತಲ್ಲ, ಒಂದು ಜೀವಕೋಶದ ಪೊರೆಯ ಮಾತು.

ಗಂಡು ಮೀನಿನ ದೇಹದೊಳಗೆ ಇರುವಷ್ಟು ಹೊತ್ತು ವೀರ್ಯಾಣು ಈಜುವುದಿಲ್ಲ. ಅದನ್ನು ಸುತ್ತುವರಿದ ವೀರ್ಯದ್ರವದ ಆಸ್ಮೋಲಾಲಿಟಿ, ಅಂದರೆ ಅದರಲ್ಲಿ ಕರಗಿರುವ ಕಣಗಳ ಸಾಂದ್ರತೆ, ಕಿಲೋ ನೀರಿಗೆ ಸುಮಾರು 300 ಮಿಲಿಆಸ್ಮೋಲ್. ಕಡಲ ನೀರಿನದು ಸುಮಾರು 1,100. ಹೊರಬಿದ್ದ ಕ್ಷಣವೇ ಈ ಅಂತರ ಕೋಶದ ಮೇಲೆರಗುತ್ತದೆ, ಮತ್ತು ಉಪ್ಪು ಬೆರೆಸಿದ ಮಾವಿನ ಹೋಳಿನಂತೆ ಅದು ನೀರು ಬಿಡತೊಡಗುತ್ತದೆ. ನೀರು ಹೊರಟಷ್ಟೂ ಒಳಗಿನ ಅಯಾನುಗಳ ಸಾಂದ್ರತೆ ಏರುತ್ತದೆ, ಕ್ಯಾಲ್ಸಿಯಂ ಹೆಚ್ಚುತ್ತದೆ, ಬಾಲದ ಪ್ರೋಟೀನುಗಳಿಗೆ ಫಾಸ್ಫೇಟ್ ಸೇರುತ್ತದೆ, ಬಾಲ ಬಡಿಯತೊಡಗುತ್ತದೆ. ಸಿಹಿನೀರಿನ ಗೆಂಡೆ ಮೀನಿನಲ್ಲಿ ಇದೇ ಕೆಲಸ ತದ್ವಿರುದ್ಧವಾಗಿ, ಹೊರಗಿನ ದ್ರವ ತೆಳುವಾದಾಗ ನಡೆಯುತ್ತದೆ.

ಇಷ್ಟು ಬೇಗ ನೀರು ದಾಟಲು ದಾರಿ ಬೇಕು. ಆ ದಾರಿಯೇ ಅಕ್ವಾಪೋರಿನ್ ಎಂಬ ನಾಲೆ-ಪ್ರೋಟೀನು. 1992ರಲ್ಲಿ ಪೀಟರ್ ಆಗ್ರೆ ಮತ್ತು ಸಂಗಡಿಗರು ಕಪ್ಪೆಯ ಅಂಡಕೋಶಗಳಿಗೆ ಇದರ ಆರ್‌ಎನ್‌ಎ ಚುಚ್ಚಿ ತೆಳು ದ್ರಾವಣದಲ್ಲಿ ಇಟ್ಟಾಗ ಅವು ಉಬ್ಬಿ ಒಡೆದವು. ಆಗ್ರೆಗೆ 2003ರ ರಸಾಯನಶಾಸ್ತ್ರ ನೊಬೆಲ್ ದೊರೆಯಿತು. ಮೆಡಿಟರೇನಿಯನ್ನಿನ ಗಿಲ್ಟ್‌ಹೆಡ್ ಸೀಬ್ರೀಮ್ ಮೀನಿನ ವೀರ್ಯಾಣುವಿನಲ್ಲಿಯೂ ಇಂಥ ನಾಲೆಗಳಿವೆ. ಪಾದರಸದ ಕ್ಲೋರೈಡಿನಿಂದ ಅವನ್ನು ಮುಚ್ಚಿದಾಗ ಆ ವೀರ್ಯಾಣುಗಳ ಚಲನೆ ಕುಗ್ಗುತ್ತದೆ ಎಂದು 2009ರ ಸುಮಾರಿಗೆ ತೋರಿಸಲಾಯಿತು. ಈ ಪುರಾವೆ ಒಂದೇ ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿರಲಿಲ್ಲ, ಏಕೆಂದರೆ ಪಾದರಸ ಗಂಧಕವಿರುವ ಯಾವ ಪ್ರೋಟೀನಿಗಾದರೂ ಅಂಟಿಕೊಳ್ಳುತ್ತದೆ, ಮತ್ತು ನಾಲೆ ಮುಚ್ಚಿತೋ ಇಡೀ ಕೋಶವೇ ಬಳಲಿತೋ ಹೇಳುವುದು ಕಷ್ಟ.

ನನ್ನನ್ನು ಹೆಚ್ಚು ಒಪ್ಪಿಸಿದ್ದು ಅದೇ ಮೀನಿನ ಇನ್ನೊಂದು ನಾಲೆ, ಅಕ್ವಾಪೋರಿನ್ 8ಬಿ. ವೀರ್ಯಾಣು ಎಚ್ಚೆತ್ತಾಗ ಅದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದಲ್ಲಿ ಬಂದು ನೆಲೆಸುತ್ತದೆ, ಮತ್ತು ಅಲ್ಲಿ ಅದರ ಮುಖ್ಯ ಕೆಲಸ ನೀರು ಹಾಯಿಸುವುದಲ್ಲ, ಉಸಿರಾಟದ ರಭಸದಲ್ಲಿ ಹುಟ್ಟುವ, ಕೋಶಕ್ಕೆ ಹಾನಿಕರವಾದ ಹೈಡ್ರೋಜನ್ ಪೆರಾಕ್ಸೈಡನ್ನು ಹೊರಗೆ ಕಳಿಸುವುದು. ಆ ನಾಲೆಯನ್ನು ತಡೆದಾಗ ಮೈಟೊಕಾಂಡ್ರಿಯ ಹಾಳಾಗಿ ಎಟಿಪಿ ಎಂಬ ಶಕ್ತಿಯ ಅಣುವಿನ ಪ್ರಮಾಣ ಕುಸಿಯುತ್ತದೆ, ಈಜು ನಿಲ್ಲುತ್ತದೆ. ಮೈಟೊಕಾಂಡ್ರಿಯಕ್ಕೇ ತಲುಪುವ ಆಂಟಿಆಕ್ಸಿಡೆಂಟ್ ಕೊಟ್ಟರೆ ಚಲನೆ ಮರಳುತ್ತದೆ. ಕಾರಣವೂ ಪರಿಹಾರವೂ ಒಂದೇ ಸಾಲಿನಲ್ಲಿ ಬರುವ ಪ್ರಯೋಗ ಅಪರೂಪ. ಹಾಗಾಗಿ ಪೊರೆಯ ನಾಲೆ ಈಜನ್ನು ಆರಂಭಿಸಿದರೆ, ಒಳಗಿನ ನಾಲೆ ಅದನ್ನು ಕೆಲ ಹೊತ್ತು ಉಳಿಸುತ್ತದೆ ಎನ್ನಬಹುದು.

ಆ ಹೊತ್ತು ಎಷ್ಟು ಚಿಕ್ಕದು ಎಂಬುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ವೀರ್ಯದ ಹನಿಗೆ ಕಡಲ ನೀರು ಸೇರಿದೊಡನೆ ಕಣ್ಣಿಗೆ ಕಾಣುವ ಇಡೀ ನೋಟ ಕುದಿಯತೊಡಗುತ್ತದೆ. ಆಮೇಲೆ ಒಂದೊಂದರ ಬಾಲದ ಅಲೆ ತುದಿಯವರೆಗೆ ಸಾಗದೆ ತಲೆಯ ಬಳಿಯಲ್ಲೇ ನಿಲ್ಲುತ್ತದೆ, ತುದಿ ಕಡ್ಡಿಯಂತೆ ಚಾಚಿಕೊಳ್ಳುತ್ತದೆ. ಹಲವು ಮೀನುಗಳಲ್ಲಿ ಇದೆಲ್ಲ ಒಂದೆರಡು ನಿಮಿಷಗಳಲ್ಲೇ ಮುಗಿಯುತ್ತದೆ. ಅಷ್ಟರೊಳಗೆ ಮೊಟ್ಟೆಯ ಮೈಯಲ್ಲಿರುವ ಮೈಕ್ರೊಪೈಲ್ ಎಂಬ ಒಂದೇ ಒಂದು ರಂಧ್ರ ಸಿಗಬೇಕು.

ನಮ್ಮ ಚೊಣಕ್ (ಏಷ್ಯನ್ ಸೀಬಾಸ್) ಮೀನು ಅಳಿವೆಗಳಲ್ಲಿ ಬೆಳೆದರೂ ಮೊಟ್ಟೆಯಿಡುವುದು ಉಪ್ಪು ಹೆಚ್ಚಿರುವ ಕಡೆ, ನದಿಮುಖದಲ್ಲಿ. ಈ ಮಳೆಯಲ್ಲಿ ಜುವಾರಿ ನದಿಯ ಮೇಲ್ಪದರ ಎಷ್ಟು ಸಪ್ಪೆಯಾಗುತ್ತದೆಂದು ನೋಡಿದರೆ, ಅಲ್ಲಿ ಬಿದ್ದ ವೀರ್ಯಾಣುವಿಗೆ ನೀರು ಬಿಡುವ ಕಾರಣವೇ ಇರದು ಎನಿಸುತ್ತದೆ. ಮರಿ ಉತ್ಪಾದನಾ ಕೇಂದ್ರಗಳಲ್ಲಿ ಕೈಯಿಂದ ಮಿಲ್ಟ್ (ಮೀನಿನ ವೀರ್ಯ) ಹಿಂಡುವವರ ಕಾಳಜಿ ಇದಕ್ಕೆ ಉಲ್ಟಾ: ಗಂಡು ಮೀನಿನ ಹೊಟ್ಟೆಯನ್ನೂ ವೀರ್ಯ ಹೊರಬರುವ ರಂಧ್ರದ ಸುತ್ತಲೂ ಬಟ್ಟೆಯಿಂದ ಒರೆಸಿ, ಒಣಗಿದ ಸಿರಿಂಜಿನಲ್ಲೇ ಎಳೆದುಕೊಳ್ಳುತ್ತಾರೆ, ಏಕೆಂದರೆ ಒಳಸೇರಿದ ಕಡಲ ನೀರು ಮೊಟ್ಟೆ ಸಿಗುವ ಮೊದಲೇ ವೀರ್ಯಾಣುಗಳನ್ನು ಈಜಿಸಿ ದಣಿಸಿಬಿಡುತ್ತದೆ.