ಎಲ್ಲರಿಗೂ ಒಂದೇ 'ವಾಕ್ಟ್'

ಬದಿಯಡ್ಕದಲ್ಲಿ ನನ್ನ ಹತ್ತಿರ ಸಂಜೆ ಟ್ಯೂಷನ್‌ಗೆ ಬರುವ ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಕ್ರಿಯಾಪದ ಅಂದ್ರೆ ಸುಮ್ನೆ ಭಯ. ರೆಗ್ಯುಲರ್ ವರ್ಬ್‌ಗೆ, ಅಂದ್ರೆ ಭೂತಕಾಲಕ್ಕೆ ಇ-ಡಿ ಸೇರಿಸುವ ಕ್ರಿಯಾಪದಕ್ಕೆ, ಇರುವುದೇ ನಾಲ್ಕು ರೂಪ: ವಾಕ್, ವಾಕ್ಸ್, ವಾಕ್ಟ್, ವಾಕಿಂಗ್. ಉಳಿದದ್ದನ್ನೆಲ್ಲ ವಿಲ್, ಹ್ಯಾವ್, ವಾಸ್ ನೋಡಿಕೊಳ್ಳುತ್ತವೆ. ಕನ್ನಡದಲ್ಲಿ ನಡೆದೆ, ನಡೆದೆವು, ನಡೆದಳು, ನಡೆಯಿತು ಅಂತ ಆಳಿಗೊಂದು ರೂಪ, ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ವಾಕ್ಟ್. ಮಲಯಾಳದಲ್ಲೂ ಹಾಗೇ ಅಲ್ವಾ, ಞಾನ್ ಆದರೂ ಅವಳ್ ಆದರೂ 'ನಡನ್ನು'. ಬಸ್ಸಲ್ಲಿ, ಅಂಗಡಿಯಲ್ಲಿ ದಿನಾ ಮಲಯಾಳ ಕೇಳುವ ನಮ್ಮ ಕಾಸರಗೋಡಿನ ಮಕ್ಕಳಿಗೆ ಇಷ್ಟು ಹೇಳಿದರೆ ತಕ್ಷಣ ತಲೆಗೆ ಹೋಗುತ್ತದೆ, ಮುಖ ಅರಳುತ್ತದೆ.

ತೊಡಕು ಜಾಸ್ತಿ ಇರುವುದು ಉಚ್ಚಾರದಲ್ಲಿ. ಬರೆಯುವಾಗ ಇ-ಡಿ ಒಂದೇ. ಬಾಯಲ್ಲಿ ವಾಕ್ಟ್, ಪ್ಲೇಯ್ಡ್, ವಾಂಟೆಡ್ ಅಂತ ಮೂರು ಥರ. ಮೂಲ ಪದ ಟಿ ಅಥವಾ ಡಿ ಸದ್ದಿನಲ್ಲಿ ಮುಗಿದರೆ ಮಾತ್ರ 'ಎಡ್' ಪೂರ್ತಿ ಕೇಳಬೇಕು. ಇದನ್ನು ಬೋರ್ಡಿನಲ್ಲಿ ಬರೆದು ಪ್ರಯೋಜನ ಇಲ್ಲ, ಜೋರಾಗಿ ಹೇಳಿಸಬೇಕು.

ಆಜ್ಞೆಗೆ ಬರೀ 'ವಾಕ್' ಸಾಕು. 'ಐ ಸಜೆಸ್ಟ್ ದ್ಯಾಟ್ ಶಿ ವಾಕ್' ಅನ್ನುವಾಗಲೂ ಎಸ್ ಬೇಡ. ಅದು ಸಲಹೆಯ ರೂಪ, ಅದಕ್ಕೆ ದಯವಿಟ್ಟು ಕೆಂಪು ಗೆರೆ ಹಾಕಬೇಡಿ.