ಅಮ್ಮನ ನೆಬ್ಯುಲೈಸರ್ ಮತ್ತು 120 ವೋಲ್ಟ್

ಅಮ್ಮನಿಗೆ ಆಸ್ತಮಾ. ಎಲ್ಲಿಗೆ ಹೊರಟರೂ ಮೊದಲು ಚೀಲ ಸೇರುವುದು ನೆಬ್ಯುಲೈಸರ್, ಅಂದರೆ ದ್ರವ ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಮಷಿನ್. ಅಮೆರಿಕದಲ್ಲಿರುವ ಅಣ್ಣನ ಮನೆಗೆ ಹೋದಾಗಲೂ ಅದನ್ನೇ ತಗೊಂಡು ಹೋಗಿದ್ದೆವು. ಅಲ್ಲಿನ ಸಾಕೆಟ್‌ಗೆ ಚಪ್ಪಟೆ ಪಿನ್ ಬೇಕು ಅಂತ ಗೊತ್ತಿತ್ತು. ಅಡಾಪ್ಟರ್ ಜೊತೆಗಿತ್ತು.

ಮೊದಲ ರಾತ್ರಿಯೇ ಉಬ್ಬಸ ಶುರುವಾಯಿತು. ಮಷಿನ್ ಹಾಕಿದೆ. ಸಣ್ಣಗೆ ಗುಂಯ್ ಅಂದಿತು, ಅಷ್ಟೆ. ಮಾಸ್ಕ್‌ನಲ್ಲಿ ಔಷಧಿಯ ಹೊಗೆ ಬರಲೇ ಇಲ್ಲ. ಪುಣ್ಯಕ್ಕೆ ಇನ್‌ಹೇಲರ್ ಇತ್ತು, ಆ ರಾತ್ರಿ ಹಾಗೇ ಕಳೆಯಿತು. ಮಂಚದ ಅಂಚಿನಲ್ಲಿ ಕೂತು ಉಸಿರಿಗೆ ಒದ್ದಾಡುತ್ತಿದ್ದ ಅಮ್ಮನ ಮುಖ ಇನ್ನೂ ಕಣ್ಣಿಗೆ ಕಟ್ಟಿದೆ.

ಬೆಳಿಗ್ಗೆ ಮಷಿನ್ ತಿರುಗಿಸಿ ನೋಡಿದೆ. ಅಡಿಯಲ್ಲಿ ಸಣ್ಣಕ್ಷರ: 230 ವೋಲ್ಟ್, 50 ಹರ್ಟ್ಸ್. ಅಮೆರಿಕದ ಕರೆಂಟು 120 ವೋಲ್ಟ್, 60 ಹರ್ಟ್ಸ್. (ಹರ್ಟ್ಸ್ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹರಿಯುತ್ತದೆ ಅನ್ನುವ ಲೆಕ್ಕ.) ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜನ್ನು ಮುಟ್ಟುವುದೇ ಇಲ್ಲ. ಅರ್ಧ ವೋಲ್ಟೇಜಿನಲ್ಲಿ ಪಾಪ ಆ ಮೋಟರ್ ಹೇಗೆ ಗಾಳಿ ತಳ್ಳೀತು?

ಉಲ್ಟಾ ಆದರೆ ಇನ್ನೂ ಅಪಾಯ. 120 ವೋಲ್ಟಿನ ಹೇರ್ ಡ್ರೈಯರನ್ನು 230ಕ್ಕೆ ಹಾಕಿದರೆ ವೋಲ್ಟೇಜ್ ಎರಡು ಪಟ್ಟು, ಆದರೆ ಅದು ಎಳೆಯುವ ಕರೆಂಟೂ ಎರಡು ಪಟ್ಟಾಗುತ್ತದೆ. ಹಾಗಾಗಿ ಶಾಖ ಹೆಚ್ಚುಕಡಿಮೆ ನಾಲ್ಕು ಪಟ್ಟು! ಕ್ಷಣದಲ್ಲಿ ಸುಟ್ಟು ಹೋಗಬಹುದು.

ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳ ಮೇಲೆ ಸಾಮಾನ್ಯವಾಗಿ ‘ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಸ್’ ಅಂತ ಇರುತ್ತದೆ. ಅವಕ್ಕೆ ಬರೀ ಅಡಾಪ್ಟರ್ ಸಾಕು. ಬಿಸಿ ಮಾಡುವ, ಮೋಟರ್ ಇರುವ ಸಾಮಾನುಗಳನ್ನು ಮಾತ್ರ ಒಂದೊಂದಾಗಿ ತಿರುಗಿಸಿ ಓದಲೇಬೇಕು. ಸಾಕೆಟ್ ನೋಡಿ ವೋಲ್ಟೇಜ್ ಊಹಿಸಬೇಡಿ. ಬ್ರೆಜಿಲ್‌ನಲ್ಲಿ ಸಾಕೆಟ್ ಒಂದೇ ಥರ, ಆದರೆ ಕೆಲವು ಊರಲ್ಲಿ 127, ಕೆಲವು ಊರಲ್ಲಿ 220 ವೋಲ್ಟ್.

“ಟ್ರಾನ್ಸ್‌ಫಾರ್ಮರ್ ತಂದುಬಿಡ್ತೀನಿ ಕಣೇ” ಅಂದ ಅಣ್ಣ. ಅದು 120ನ್ನು 230 ಮಾಡುತ್ತದೆ, ನಿಜ. ಆದರೆ 60 ಹರ್ಟ್ಸ್ 60 ಆಗಿಯೇ ಉಳಿಯುತ್ತದೆ. 50 ಹರ್ಟ್ಸ್‌ಗೆ ಅಂತಲೇ ಮಾಡಿದ ಮೋಟರನ್ನು, ಅದೂ ಉಸಿರಿನ ವಿಷಯದಲ್ಲಿ, ಹಾಗೆ ಓಡಿಸಲು ನನಗೆ ಧೈರ್ಯ ಬರಲಿಲ್ಲ. ಹೇರ್ ಡ್ರೈಯರ್‌ಗೆ ಅಂತ ಸಿಗುವ, ವೋಲ್ಟೇಜ್ ಬದಲಿಸುವ ಹಗುರ ಕನ್ವರ್ಟರ್ ಅಂತೂ ಇಂಥ ಮಷಿನ್‌ಗೆ ಬೇಡವೇ ಬೇಡ.

ಡಾಕ್ಟರನ್ನು ಕೇಳಿ ಕೈಯಲ್ಲಿ ಹಿಡಿಯುವ ಮೆಶ್ ನೆಬ್ಯುಲೈಸರ್ (ಸಣ್ಣ ತೂತುಗಳ ಜಾಲರಿಯ ಮೂಲಕ ಔಷಧಿಯನ್ನು ಮಂಜು ಮಾಡುವಂಥದ್ದು) ತಗೊಂಡೆವು. ಎಲ್ಲ ಔಷಧಿಯೂ ಅದಕ್ಕೆ ಆಗಿಬರುವುದಿಲ್ಲ, ಅದಕ್ಕೇ ಕೇಳಿದ್ದು. ಅಮ್ಮನ ಔಷಧಿಗೆ ಆಗುತ್ತದೆ ಅಂದರು. ಎರಡು ಸಣ್ಣ ಸೆಲ್ ಹಾಕಿದರೆ ಸಾಕು, ಗೋಡೆಯ ಸಾಕೆಟ್ಟೇ ಬೇಡ.

ಮುಂದಿನ ತಿಂಗಳು ಜಪಾನ್‌ಗೆ ಹೋಗುತ್ತಿದ್ದೇವೆ. ಅಲ್ಲಿ 100 ವೋಲ್ಟ್. ಜೊತೆಗೆ ಪೂರ್ವದ ಟೋಕಿಯೊದಲ್ಲಿ 50 ಹರ್ಟ್ಸ್, ಪಶ್ಚಿಮದ ಒಸಾಕಾದಲ್ಲಿ 60. 1890ರ ದಶಕದಲ್ಲಿ ಟೋಕಿಯೊದವರು ಜರ್ಮನಿಯಿಂದ, ಒಸಾಕಾದವರು ಅಮೆರಿಕದಿಂದ ಜನರೇಟರ್ ತರಿಸಿದ್ದರಂತೆ, ಅದೇ ಇವತ್ತಿಗೂ ಉಳಿದಿದೆ. ಅಮ್ಮ ಆಗಲೇ ಎಂಟು ಸೆಲ್ ಎಣಿಸಿ ಕೈಚೀಲದಲ್ಲಿ ಇಟ್ಟುಕೊಂಡಾಗಿದೆ.