ಯಾವ ತಾಪಮಾನದಲ್ಲಿ, ಸರ್?

ಈ ವಾರ ನಮ್ಮ ವಿಭಾಗದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್‌ಗಳ ಮೌಖಿಕ ಪರೀಕ್ಷೆ ನಡೆಯಿತು. ಆಪ್ಟಿಕಲ್ ಫೈಬರ್ ಗ್ರೇಟಿಂಗ್ (ಗಾಜಿನ ಎಳೆಯೊಳಗೆ ಸಮ ಅಂತರದಲ್ಲಿ ಬರೆದ ಗೆರೆಗಳ ಸಾಲು) ಬಳಸಿ ಸಕ್ಕರೆ ದ್ರಾವಣಗಳ ವಕ್ರೀಭವನ ಸೂಚ್ಯಂಕ, ಅಂದರೆ ದ್ರಾವಣ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದನ್ನು ಹೇಳುವ ಸಂಖ್ಯೆ, ಅಳೆದಿದ್ದ ವಿದ್ಯಾರ್ಥಿನಿಯನ್ನು ಹೊರಗಿನಿಂದ ಬಂದಿದ್ದ ಪರೀಕ್ಷಕರು, ವರದಿಯ ಪುಟ ತಿರುವುವ ಮೊದಲೇ, "ಸೂಚ್ಯಂಕದ ಬೆಲೆ ಎಷ್ಟು ಬಂತಮ್ಮಾ?" ಎಂದು ಕೇಳಿದರು. "ಯಾವ ತಾಪಮಾನದಲ್ಲಿ, ಸರ್?" ಎಂದಳು ಆಕೆ. ಅವರ ಮುಖ ಬಿಗಿಯಿತು, ಎದುರುತ್ತರವೆಂದು ತಿಳಿದಿರಬೇಕು. ನನಗೆ ಮಾತ್ರ ಅಂದು ಕೇಳಿದ ಮಾತುಗಳಲ್ಲೆಲ್ಲ ಅದೇ ಅತ್ಯಂತ ಸರಿಯಾದದ್ದು ಅನ್ನಿಸಿತು.

ಸಾಮಾನ್ಯ ಬ್ರಾಗ್ ಗ್ರೇಟಿಂಗ್‌ನಲ್ಲಿ ಗೆರೆಗಳ ನಡುವಿನ ಅಂತರ ಸುಮಾರು ಅರ್ಧ ಮೈಕ್ರಾನ್. ಅದು ಒಂದು ತರಂಗಾಂತರವನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಬೆಳಕು ಫೈಬರ್‌ನ ತಿರುಳಿನಲ್ಲೇ ಉಳಿಯುವುದರಿಂದ, ಹೊದಿಕೆಯ ಗಾಜನ್ನು ಆಮ್ಲದಿಂದ ಸವೆಸದ ಹೊರತು, ಹೊರಗಿರುವುದು ನೀರೋ ಎಣ್ಣೆಯೋ ಅದಕ್ಕೆ ತಿಳಿಯದು. ಈಕೆ ಬಳಸಿದ್ದು ದೀರ್ಘ ಆವರ್ತದ ಗ್ರೇಟಿಂಗ್. ಇದರಲ್ಲಿ ಅಂತರ ನೂರಾರು ಮೈಕ್ರಾನ್. ಕೆಲವು ನಿರ್ದಿಷ್ಟ ತರಂಗಾಂತರಗಳ ಬೆಳಕು ತಿರುಳಿನಿಂದ ಹೊದಿಕೆಗೆ ದಾಟುತ್ತದೆ, ಹೊದಿಕೆಯ ಅಂಚನ್ನು ಮೀರಿ ಸುತ್ತಲಿನ ದ್ರವದೊಳಕ್ಕೂ ಒಂದಿಷ್ಟು ಚಾಚಿಕೊಳ್ಳುತ್ತದೆ. ಹೀಗೆ ದಾಟಿಹೋದ ಬೆಳಕಿನ ಜಾಗ ರೋಹಿತದಲ್ಲಿ ಒಂದು ತಗ್ಗಾಗಿ ಕಾಣುತ್ತದೆ, ದ್ರವ ಬದಲಾದರೆ ಆ ತಗ್ಗು ಸರಿಯುತ್ತದೆ. ದ್ರವದ ಸೂಚ್ಯಂಕ ಗಾಜಿನ ಸೂಚ್ಯಂಕಕ್ಕೆ, ಅಂದರೆ 1550 ನ್ಯಾನೋಮೀಟರ್‌ನಲ್ಲಿ ಸುಮಾರು 1.444ಕ್ಕೆ, ಹತ್ತಿರವಾದಷ್ಟೂ ಈ ಸರಿತ ಹೆಚ್ಚುತ್ತದೆ. ನೀರಿನ ಆಸುಪಾಸಿನಲ್ಲಿ ಅದು ಬಹಳ ಕಡಿಮೆ. ಸಕ್ಕರೆಯ ತೆಳು ದ್ರಾವಣಗಳು ಇರುವುದು ಅಲ್ಲಿಯೇ.

ತೊಂದರೆ ಏನೆಂದರೆ, ಅದೇ ತಗ್ಗು ಶಾಖಕ್ಕೂ ಸರಿಯುತ್ತದೆ. ಸಾಮಾನ್ಯ ಫೈಬರ್‌ನಲ್ಲಿ ಬರೆದ ಇಂಥ ಗ್ರೇಟಿಂಗ್ ಒಂದು ಡಿಗ್ರಿಗೆ 0.03ರಿಂದ 0.1 ನ್ಯಾನೋಮೀಟರ್‌ವರೆಗೆ ಕದಲುವುದುಂಟು. ಜೊತೆಗೆ ನೀರಿನ ಸೂಚ್ಯಂಕವೇ ಡಿಗ್ರಿಗೆ ಸುಮಾರು 0.0001ರಷ್ಟು ಇಳಿಯುತ್ತದೆ. ಫೈಬರ್ ತುಸು ಬಾಗಿದರೂ ತಗ್ಗು ಅಲುಗುತ್ತದೆ. ಕಿಟಕಿಯ ಬಿಸಿಲು ಮೇಜಿನ ಮೇಲೆ ಬಿದ್ದು ಸರಿದ ತಗ್ಗನ್ನು ಸಕ್ಕರೆಯ ಲೆಕ್ಕಕ್ಕೆ ಬರೆದುಬಿಡುವುದು ಬಹಳ ಸುಲಭ. "ಯಾವ ತಾಪಮಾನದಲ್ಲಿ, ಸರ್?" ಎಂದು ಆಕೆ ಕೇಳಿದ್ದು ಇದೆಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು.

ಪರೀಕ್ಷಕರು ಮುಂದುವರಿದು, ನೀರಿಗೆ 1.32ರ ಆಸುಪಾಸಿನ ಬೆಲೆ ಬರೆದದ್ದೇಕೆ, ಪುಸ್ತಕದಲ್ಲಿ 1.333 ಇದೆಯಲ್ಲ ಎಂದರು. ಪುಸ್ತಕದ್ದು 589 ನ್ಯಾನೋಮೀಟರ್‌ನ ಸೋಡಿಯಂ ಹಳದಿ ಬೆಳಕಿಗೆ, ನನ್ನದು 1550ರ, ಕಣ್ಣಿಗೆ ಕಾಣದ ಅವರಕ್ತ ಬೆಳಕಿಗೆ ಎಂದು ಆಕೆ ವಿನಯದಿಂದಲೇ ವಿವರಿಸಿದಳು. ಅವರು ಕೆಟ್ಟ ಮೇಷ್ಟರಲ್ಲ. ಪ್ರಿಸಂ ಮತ್ತು ಸ್ಪೆಕ್ಟ್ರೋಮೀಟರ್ ಮುಂದೆ ಅವರಷ್ಟು ತಾಳ್ಮೆಯಿಂದ ಕೂರುವವರು ಕಡಿಮೆ. ಆದರೆ ಉತ್ತರವೆಂದರೆ ಒಂದು ಸಂಖ್ಯೆ ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿ ಕೂತಿದೆ, ಮತ್ತು ಪ್ರಯೋಗಾಲಯದ ದಾಖಲೆ ಪುಸ್ತಕಗಳಲ್ಲಿ ಅದನ್ನು ವರ್ಷವರ್ಷವೂ ಬೆಳೆಸುತ್ತಿರುವವರು ನಾವೇ ಅಧ್ಯಾಪಕರು.

ಒಂದು ಹನಿಯಿಂದಲೇ ಸೂಚ್ಯಂಕ ಅಳೆಯುವ ಅಬೆ ರಿಫ್ರಾಕ್ಟೋಮೀಟರ್ ಇರುವಾಗ ಇದೇಕೆ ಎಂಬ ಅವರ ಇನ್ನೊಂದು ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ಒಂದು ಹನಿಯನ್ನು ಉಪಕರಣದವರೆಗೆ ತರಲು ಸಾಧ್ಯವಿದ್ದರೆ ಅಬೆಯೇ ಉತ್ತಮ, ಅದು ನಾಲ್ಕನೆಯ ದಶಾಂಶದವರೆಗೆ ತೋರಿಸುತ್ತದೆ ಎಂದು ಆಕೆ ಒಪ್ಪಿಕೊಂಡಳು. ಹರಿಯುತ್ತಿರುವ ಕೊಳವೆಯೊಳಗೆ, ವಿದ್ಯುತ್ ಒಯ್ಯಬಾರದ ಕಡೆ, ದೂರದಿಂದ ಸತತವಾಗಿ ಅಳೆಯಬೇಕಾದಾಗ ಮಾತ್ರ ಫೈಬರ್ ಎಂದಳು. ತನ್ನ ಕೆಲಸವನ್ನು ಇರುವುದಕ್ಕಿಂತ ದೊಡ್ಡದು ಮಾಡಿ ಹೇಳದ ಈ ಸಂಯಮ ದೊಡ್ಡ ಸಂಶೋಧನಾ ಪ್ರಬಂಧಗಳಲ್ಲೂ ಅಪರೂಪ.

ಅವರು ತಿರುವದೆ ಬಿಟ್ಟ ಪುಟದಲ್ಲಿ ಪರಿಹಾರವೂ ಇತ್ತು. ಅದೇ ಫೈಬರ್‌ನಲ್ಲಿ ಪಕ್ಕಕ್ಕೇ ಒಂದು ಬ್ರಾಗ್ ಗ್ರೇಟಿಂಗ್: ಅದಕ್ಕೆ ದ್ರವ ತಿಳಿಯದು, ಶಾಖ ತಿಳಿಯುತ್ತದೆ, ಡಿಗ್ರಿಗೆ ಸುಮಾರು 0.01 ನ್ಯಾನೋಮೀಟರ್. ಅದರಿಂದ ತಾಪಮಾನ ತಿಳಿದುಕೊಂಡು, ಇನ್ನೊಂದರ ಸರಿತದಲ್ಲಿ ಶಾಖದ ಪಾಲನ್ನು ಕಳೆದು, ಉಳಿದದ್ದನ್ನಷ್ಟೇ ದ್ರಾವಣದ್ದೆಂದು ಆಕೆ ಬರೆದಿದ್ದಳು. ತನ್ನ ಅಳತೆ ಅಷ್ಟು ಸೂಕ್ಷ್ಮವಲ್ಲವೆಂದು ನಾಲ್ಕನೆಯ ದಶಾಂಶವನ್ನು ಬೇಕೆಂದೇ ಬಿಟ್ಟಿದ್ದಳು. ಅದಕ್ಕೆ ಅಂಕ ಕಳೆಯಲಾಯಿತು. ನಾನು ಆಕ್ಷೇಪ ಬರೆದುಕೊಟ್ಟಿದ್ದೇನೆ. ಮುಂದಿನ ಬ್ಯಾಚ್‌ನಿಂದ ಪ್ರತಿ ಸೂಚ್ಯಂಕದ ಪಕ್ಕದಲ್ಲೂ ತರಂಗಾಂತರ ಮತ್ತು ತಾಪಮಾನಕ್ಕೆ ಕಡ್ಡಾಯವಾಗಿ ಒಂದೊಂದು ಕಾಲಂ ಇರಬೇಕೆಂದು ವಿಭಾಗದ ಸಭೆಯ ಮುಂದೆಯೂ ಇಟ್ಟಿದ್ದೇನೆ.